ಪಕಾರವು ಹಕಾರವಾದ ಬಗೆ

ಪಂಪನು ತನ್ನ ಭಾರತವನ್ನು ರಚಿಸಿದ 941ರ ಸುಮಾರಿನಲ್ಲಿ ಕನ್ನಡಿಗರು ಕುಡಿಯುತ್ತಿದ್ದುದು ಪಾಲನ್ನು, ಮುಡಿಯುತ್ತಿದ್ದುದು ಪೂವನ್ನು, ಅಂಜುತ್ತಿದ್ದುದು ಪುಲಿಗೆ. ಕುಮಾರವ್ಯಾಸನ ಕಾಲಕ್ಕೆ ಇವು ಹಾಲು, ಹೂವು, ಹುಲಿಗಳಾಗಿ ನೆಲೆನಿಂತಿದ್ದವು. ನೆರೆಯ ತಮಿಳರು ಇಂದಿಗೂ ಪುಲಿಯೆಂದೂ ತುಳುವರು ಪಿಲಿಯೆಂದೂ ಹಳೆಯ ಪಕಾರವನ್ನೇ ಉಳಿಸಿಕೊಂಡಿರಲು, ಕನ್ನಡವೊಂದೇ ಅದನ್ನು ಬಿಟ್ಟುಕೊಟ್ಟುದು ಯಾವ ಅರಸನ ಆಜ್ಞೆಯಿಂದಲೂ ಅಲ್ಲ, ಯಾವ ವೈಯಾಕರಣನ ವಿಧಿಯಿಂದಲೂ ಅಲ್ಲ. ಅದರ ಮೂಲವನ್ನು ನಮ್ಮ ಬಾಯೆಂಬ ಯಂತ್ರದಲ್ಲಿಯೇ ಅರಸಬೇಕು.

ಪಕಾರವನ್ನು ನುಡಿಯುವಾಗ ಎರಡು ತುಟಿಗಳೂ ಕೂಡಿ ಉಸಿರಿನ ದಾರಿಯನ್ನು ಸಂಪೂರ್ಣವಾಗಿ ಮುಚ್ಚುತ್ತವೆ. ಒಳಗೆ ತಡೆಗೊಂಡ ವಾಯು ತುಟಿ ಬಿಚ್ಚಿದೊಡನೆ ಸಿಡಿದು ಹೊರಬರುತ್ತದೆ. ಈ ಶ್ರಮದಲ್ಲಿ ತುಸು ಸಡಿಲಿಕೆಯುಂಟಾಗಿ ತುಟಿಗಳು ಸಮೀಪಿಸಿಯೂ ಮುಟ್ಟದೆ ನಿಂತರೆ, ದೀಪವನ್ನು ಊದಿ ಆರಿಸುವಾಗಿನಂಥ ಸದ್ದು ಹೊರಡುವುದು. ತುಟಿಗಳು ಅಷ್ಟನ್ನೂ ಮಾಡದೆ ಸುಮ್ಮನಾದರೆ ಉಳಿಯುವುದು ಕಂಠದ ಉಸಿರು ಮಾತ್ರ; ಅದೇ ಹಕಾರ. ನಡುವಣ ಆ ಊದುದನಿಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲವಾದ್ದರಿಂದ ಶಾಸನಗಳಲ್ಲಿ ಅದರ ಕುರುಹನ್ನು ಕಾಣೆವು. ಆದರೆ ಇದೇ ದಾರಿಯಲ್ಲಿ ನಡೆದ ಜಪಾನೀ ಭಾಷೆಯಲ್ಲಿ ಸಾಕ್ಷ್ಯವುಂಟು: ಹೂವಿಗೆ ಪ್ರಾಚೀನರು ಪನ ಎಂದರು, ಇಂದಿನವರು ಹನ ಎನ್ನುತ್ತಾರೆ, 1603ರಲ್ಲಿ ನಾಗಸಾಕಿಯಲ್ಲಿ ಕ್ರೈಸ್ತ ಪಾದ್ರಿಗಳು ಅಚ್ಚುಮಾಡಿಸಿದ ಜಪಾನೀ-ಪೋರ್ಚುಗೀಸ್ ನಿಘಂಟಿನಲ್ಲಿ ಇಂಥ ಪದಗಳು 'ಫ' ಎಂಬ ನಡುವಣ ದನಿಯಿಂದಲೇ ಆರಂಭವಾಗುತ್ತವೆ.

ಎಲ್ಲ ಪಕಾರಗಳೂ ಹೀಗೆ ಮಾರ್ಪಡಲಿಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ. ಹತ್ತರಿಂದ ನೂರರವರೆಗೆ ಹತ್ತುಹತ್ತಾಗಿ ಎಣಿಸಿ ನೋಡಿ: ಪದಾದಿಯಲ್ಲಿದ್ದ 'ಪತ್ತು' ಹತ್ತಾಯಿತು, ಇಪ್ಪತ್ತು, ಎಪ್ಪತ್ತುಗಳಲ್ಲಿ ಒತ್ತಿನ ಆಸರೆ ಪಡೆದು ಪಕಾರ ಉಳಿಯಿತು, ಮೂವತ್ತು, ಐವತ್ತುಗಳಲ್ಲಿ ಸ್ವರದ ನೆರೆಯಲ್ಲಿ ಕರಗಿ ವಕಾರವಾಯಿತು, ಎಂಬತ್ತು, ತೊಂಬತ್ತುಗಳಲ್ಲಿ ಅನುನಾಸಿಕದ ಸಂಗದಿಂದ ಬಕಾರವಾಯಿತು. ಪಂಪೆಯು ಹಂಪೆಯಾದಾಗ ಮೊದಲಿನ ಪಕಾರ ಹೋಗಿ ಅನುಸ್ವಾರದ ಮುಂದಿನದು ಹಾಗೆಯೇ ನಿಂತಿತು. ಮಾತಾಡುವವರಲ್ಲಿ ಒಬ್ಬರಿಗೂ ಈ ನಿಯಮ ತಿಳಿದಿರಲಿಲ್ಲ, ಆದರೂ ಎಲ್ಲರೂ ಅದನ್ನು ಪಾಲಿಸಿದರು! 1870ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ತರುಣ ವಿದ್ವಾಂಸರು ಧ್ವನಿನಿಯಮಗಳಿಗೆ ಅಪವಾದವಿಲ್ಲವೆಂದು ಸಾರಿದುದು ತುಸು ಅತಿಯಾದರೂ, ನಮ್ಮ ಮಗ್ಗಿಯನ್ನು ಕೇಳಿದ್ದರೆ ಅವರು ಹಿಗ್ಗುತ್ತಿದ್ದರು.

ಇಂಥ ಮಾರ್ಪಾಟು ಹಬ್ಬುವುದು ಮಕ್ಕಳ ಮೂಲಕ. ಶಿಶುವು ಭಾಷೆಯನ್ನು ತಂದೆತಾಯಿಗಳಿಂದ ಒಡವೆಯಂತೆ ಇಡಿಯಾಗಿ ಪಡೆಯದೆ, ಕಿವಿಗೆ ಬಿದ್ದ ನುಡಿಗಳಿಂದ ತಾನೇ ಊಹಿಸಿ ಹೊಸದಾಗಿ ಕಟ್ಟಿಕೊಳ್ಳುವುದರಿಂದ, ಹಿರಿಯರಿಗೆ ಅವಸರದ ಮಾತಿನ ಸಡಿಲಿಕೆಯಾಗಿದ್ದುದೇ ಕಿರಿಯರಿಗೆ ಶುದ್ಧ ರೂಪವಾಗಿ ತೋರುತ್ತದೆ. ಧ್ವನಿನಿಯಮಕ್ಕೆ ಆಯುಷ್ಯದ ಮಿತಿಯೂ ಉಂಟು. ಮೊದಲೇ ಬಂದು ಜನರ ಬಾಯಲ್ಲಿ ಪಳಗಿದ 'ಪರ್ವ' ಹಬ್ಬವಾಯಿತು. ಪಂಡಿತರ ಕಾವಲಿನಲ್ಲಿದ್ದ ಪುಸ್ತಕ ಪುಸ್ತಕವಾಗಿಯೇ ಉಳಿಯಿತು. ತಡವಾಗಿ ಬಂದ ಪೆನ್ನು ಪೊಲೀಸರನ್ನಂತೂ ಆ ನಿಯಮ ಮುಟ್ಟಲೇ ಇಲ್ಲ.

ಅಳಿದುಳಿದ ಹಕಾರವನ್ನೂ ಹಳೆಯ ಮೈಸೂರು ಸೀಮೆಯ ಹಳ್ಳಿಗರು ಬಿಟ್ಟು ಆಲು, ಊವು ಎನ್ನುವುದುಂಟು. ಪೇಟೆಯವರು ಇದನ್ನು ಕೇಳಿ ನಗುತ್ತಾರೆ. ಪಂಪನ ಕಿವಿಗೆ ತಮ್ಮ ಹಾಲು ಹೂವುಗಳೂ ಅಷ್ಟೇ ಅಪಭ್ರಷ್ಟವಾಗಿ ಕೇಳಿಸುತ್ತಿದ್ದವೆಂಬುದು ಅವರಿಗೆ ತೋಚದು. ಆ ನಗೆಗೆ ಅಂಜಿದವನು ಹಕಾರವನ್ನು ಬಲವಂತವಾಗಿ ತರಹೋಗಿ, ಅದು ಎಲ್ಲಿ ಸಲ್ಲುವುದೆಂದು ತಿಳಿಯದೆ, ಒಮ್ಮೊಮ್ಮೆ ಅಂಗಡಿಯಲ್ಲಿ ಎರಡು ಸೇರು ಹಕ್ಕಿಯನ್ನು ಕೇಳುತ್ತಾನೆ.