ಗಂಜಾಂನಲ್ಲಿ ಒಂದಾದವರು

ಅರಕೆರೆ ಕಡೆಯಿಂದ ಕೆಲಸದ ಮೇಲೆ ಶ್ರೀರಂಗಪಟ್ಟಣಕ್ಕೆ ಬರುವವರಿಗೆ ಗಂಜಾಂ ಎಂದರೆ ನಿಮಿಷಾಂಬ ದೇವಸ್ಥಾನ, ಗುಂಬಜ್, ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಅಂಜೂರ. ಇದೇ ಊರಿನಲ್ಲಿ ಎರಡು ಶತಮಾನ ದಾಟಿದ ಚರ್ಚ್ ಒಂದಿದೆ. ಅದನ್ನು ಅಬ್ಬೆ ದುಬಾ ಚರ್ಚ್ ಎಂದೇ ಕರೆಯುತ್ತಾರೆ. ಮಂಡ್ಯ ಸೀಮೆಯ ಕ್ರೈಸ್ತರು ಒಂದು ಸಭೆಯಾಗಿ ಕೂಡಿ ಬಾಳಿದ ಕಥೆಯನ್ನು ಹೇಳಬೇಕಾದರೆ ಅಲ್ಲಿಂದಲೇ ತೊಡಗಬೇಕು.

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ತರಲಾಯಿತು. ಎಷ್ಟು ಜನ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ದಾರಿಯಲ್ಲೇ ಸತ್ತವರಿದ್ದರು, ಮತ ಬದಲಿಸಬೇಕಾಗಿ ಬಂದವರಿದ್ದರು. 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದಾಗ ಬದುಕುಳಿದವರಿಗೆ ಬಿಡುಗಡೆಯಾಯಿತು. ಹಲವರು ಕರಾವಳಿಗೆ ಹೊರಟರು. ಉಳಿದವರಿಗೆ ಚರ್ಚೂ ಇರಲಿಲ್ಲ, ಗುರುವೂ ಇರಲಿಲ್ಲ.

ಆಗ ಬಂದವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪಾದ್ರಿ ಜಾನ್ ಆಂಟ್ವಾನ್ ದುಬಾ. ಪೇಟ ಸುತ್ತಿ, ನಿಲುವಂಗಿ ತೊಟ್ಟು, ಮಾಂಸ ಬಿಟ್ಟು ಈ ನೆಲದವರಂತೆಯೇ ಬದುಕಿದ ಅವರನ್ನು ಜನ ‘ದೊಡ್ಡಸ್ವಾಮಿಯವರು’ ಎಂದರು. ಚದುರಿದ ಕುಟುಂಬಗಳನ್ನು ಹುಡುಕಿ ಸೇರಿಸಿದ ದುಬಾ, ಬರೀ ಪೂಜೆ ಪ್ರಾರ್ಥನೆಗೆ ನಿಲ್ಲಲಿಲ್ಲ. ಹೊಟ್ಟೆಗಿಲ್ಲದವರಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು. ಹಾಸನದ ಬಳಿಯ ಸತ್ತಿಹಳ್ಳಿ ಅವುಗಳಲ್ಲಿ ಮುಖ್ಯವಾದದ್ದು. ಸಿಡುಬು ಊರೂರನ್ನೇ ತಿನ್ನುತ್ತಿದ್ದ ಕಾಲದಲ್ಲಿ ದೇವಿ ಹಾಕಿಸಿಕೊಳ್ಳಲು ಜನರನ್ನು ಒಪ್ಪಿಸಿದರು. 1803–04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ದೇವಿ ಹಾಕಿಸಿಕೊಂಡವರು 25,432 ಮಂದಿ ಎಂದು ದಾಖಲೆಯಿದೆ. ಒಂದು ಸಭೆ ನಿಜವಾಗಿ ಕಟ್ಟಿಕೊಳ್ಳುವುದು ಹೀಗೆ: ಉಣ್ಣುವ ಅನ್ನ, ಮಕ್ಕಳ ಜೀವ, ಸತ್ತವರ ಮಣ್ಣು, ಎಲ್ಲದಕ್ಕೂ ಒಬ್ಬರಿಗೊಬ್ಬರು ಬೇಕಾದಾಗ.

ದುಬಾ ಅವರಿಗೂ ಮಿತಿಗಳಿದ್ದವು. ಜಾತಿ ವ್ಯವಸ್ಥೆಯನ್ನು ಅವರು ಮೆಚ್ಚಿ ಬರೆದರು. ಪ್ರಾಟೆಸ್ಟಂಟ್ ಮಿಷನರಿಗಳೊಡನೆ ಬರಹದಲ್ಲೇ ಜಗಳವಾಡಿದರು. 1823ರಲ್ಲಿ ಊರಿಗೆ ಮರಳಿದವರು, ಭಾರತದಲ್ಲಿ ಕ್ರೈಸ್ತಧರ್ಮ ಬೇರೂರಲಾರದು ಎಂಬ ನಿರಾಶೆಯ ಪತ್ರಗಳನ್ನು ಅದೇ ವರ್ಷ ಪ್ರಕಟಿಸಿದರು. ಅವರ ಆ ಅಂದಾಜು ತಪ್ಪಾಯಿತು. ಜಾತಿಯ ಗೋಡೆ ಮಾತ್ರ ಹಲವು ಸಭೆಗಳಲ್ಲಿ, ಮುಖ್ಯವಾಗಿ ಮದುವೆ ಸಂಬಂಧದ ಮಾತು ಬಂದಾಗ, ಇನ್ನೂ ಬಿದ್ದಿಲ್ಲ.

ಪ್ರಾಟೆಸ್ಟಂಟರು ಒಂದಾದದ್ದು ಇನ್ನೊಂದು ಬಗೆಯಲ್ಲಿ. ಮೈಸೂರು ಸೀಮೆಗೆ ಬಂದವರು ವೆಸ್ಲಿಯನ್ ಮೆಥಡಿಸ್ಟರು; ಕರಾವಳಿಗೂ ಧಾರವಾಡಕ್ಕೂ ಬಂದವರು ಬಾಸೆಲ್ ಮಿಷನ್‌ನವರು. ಇಂಗ್ಲೆಂಡಿನ, ಜರ್ಮನಿಯ ಹಳೆಯ ವ್ಯಾಜ್ಯಗಳನ್ನು ಕನ್ನಡದ ಹಳ್ಳಿಯವರು ಯಾಕೆ ಹೊರಬೇಕು? ಇಂಥದೇ ಪ್ರಶ್ನೆ ಹೊತ್ತು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲವು ಪಾದ್ರಿಗಳು ಕೂಡಿದರು. ಅವರಲ್ಲಿ ಬಹುತೇಕರು ಭಾರತೀಯರೇ. ಮುಂದಾಳು ಬಿಷಪ್ ವಿ.ಎಸ್. ಅಜರಾಯ. ಮಾತುಕತೆ 28 ವರ್ಷ ಎಳೆಯಿತು. ಬಿಷಪ್ ಇರಬೇಕೇ ಬೇಡವೇ, ಬಿಷಪ್ಪರಿಂದ ದೀಕ್ಷೆ ಪಡೆಯದವರು ಪಾದ್ರಿಗಳೇ ಅಲ್ಲವೇ ಎಂಬ ಪ್ರಶ್ನೆಗಳೇ ಗಂಟಾಗಿ ಕೂತವು. ಕೊನೆಗೆ ಸಿಕ್ಕ ದಾರಿ ಸೊಗಸಾದದ್ದು: ಮೊದಲೇ ದೀಕ್ಷೆ ಪಡೆದಿದ್ದವರಿಗೆ ಮರುದೀಕ್ಷೆ ಬೇಡ, ಹಾಗೆಂದು ಯಾವ ಸಭೆಯ ಮೇಲೂ ಅದು ಒಪ್ಪದ ಪಾದ್ರಿಯನ್ನು ಹೇರಕೂಡದು.

1947ರ ಸೆಪ್ಟೆಂಬರ್ 27ರಂದು, ದೇಶ ಎರಡಾದ ಮರು ತಿಂಗಳೇ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಆ ದಿನ ನೋಡಲು ಅಜರಾಯ ಇರಲಿಲ್ಲ. 1945ರ ಹೊಸ ವರ್ಷದ ದಿನವೇ ತೀರಿಕೊಂಡಿದ್ದರು. ಮೈಸೂರಿಗೆ ಮೊದಲ ಬಿಷಪ್ ಆದವರು ಮೆಥಡಿಸ್ಟ್ ಸಭೆಯಿಂದ ಬಂದ ಪಿ. ಗುರುಶಾಂತ. ಮೆಥಡಿಸ್ಟರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಸಿ.ಎಸ್.ಐ.ಗೆ ಸೇರಿತು. ಮೈಸೂರಿನವರಿಗೆ ಅದು ಆಗಲೂ ಈಗಲೂ ‘ಮಿಷನ್ ಆಸ್ಪತ್ರೆ’. ಅಲ್ಲಿ ಹೆರಿಗೆಗೆ ಹೋದ ಮಂಡ್ಯದ ಹೆಣ್ಣುಮಕ್ಕಳನ್ನು ಯಾವ ಸಭೆಯವಳು, ಯಾವ ಧರ್ಮದವಳು ಎಂದು ಯಾರೂ ವಿಂಗಡಿಸಲಿಲ್ಲ.

ಹಾಗಾದರೆ ಎಲ್ಲರೂ ಒಂದಾದರೇ? ಇಲ್ಲ. ಮಂಡ್ಯ ಜಿಲ್ಲೆಯೊಂದರಲ್ಲೇ ಮೈಸೂರು ಕಥೋಲಿಕ ಧರ್ಮಪ್ರಾಂತವಿದೆ, ಸಿ.ಎಸ್.ಐ. ಇದೆ, ಪೆಂತೆಕೋಸ್ತ್ ಸಭೆಗಳಿವೆ. 2010ರಲ್ಲಿ ಸಿರೋ-ಮಲಬಾರ್ ಕಥೋಲಿಕರಿಗೆಂದೇ ಮಂಡ್ಯದ ಹೆಸರಿನಲ್ಲಿ ಬೇರೊಂದು ಧರ್ಮಪ್ರಾಂತ ಬಂತು. ಪೂಜಾ ಪದ್ಧತಿ ಬೇರೆಯಾದದ್ದು ಒಡಕಲ್ಲ. ಪಕ್ಕದ ಬೀದಿಯ ಸಭೆಯವರ ಮುಖಪರಿಚಯವೂ ಇಲ್ಲದಿರುವುದು ಒಡಕು.

ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕ್ರೈಸ್ತ ಐಕ್ಯದ ಬಗ್ಗೆ ಆದೇಶ ಹೊರಡಿಸಿ, ಬೇರೆ ಸಭೆಗಳವರೊಡನೆ ಕೂಡಿ ಪ್ರಾರ್ಥಿಸಲು ಬಾಗಿಲು ತೆರೆಯಿತು. ಪ್ರತಿ ಜನವರಿ 18ರಿಂದ 25ರವರೆಗೆ ಜಗತ್ತಿನ ಅನೇಕ ಕಡೆ ಕ್ರೈಸ್ತ ಐಕ್ಯದ ಪ್ರಾರ್ಥನಾ ಸಪ್ತಾಹ ನಡೆಯುತ್ತದೆ. ಮುಂದಿನ ಸಪ್ತಾಹದ ಒಂದು ಸಂಜೆ ಮಂಡ್ಯ ಜಿಲ್ಲೆಯ ಸಭಾಪಾಲಕರು, ಫಾದರುಗಳು, ಪಾಸ್ಟರುಗಳು ತಮ್ಮ ತಮ್ಮ ಜನರನ್ನು ಕರೆದುಕೊಂಡು ಗಂಜಾಂನ ಚರ್ಚಿನಲ್ಲಿ ಸೇರಲಿ. ಕನ್ನಡದಲ್ಲೇ ಪ್ರಾರ್ಥಿಸಲಿ, ಒಟ್ಟಿಗೆ ಊಟ ಮಾಡಲಿ.