ನಿಮಗಿದು ಗೊತ್ತೆ? ಫುಟ್‌ಬಾಲ್ ಮೈದಾನದಿಂದ ನ್ಯಾಯಪೀಠಕ್ಕೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೂ ದಾಳಿಯ ಪಡೆ ಮತ್ತು ರಕ್ಷಣೆಯ ಪಡೆ ಬೇರೆಬೇರೆಯಾಗಿದ್ದು, ಚೆಂಡು ಎಸೆದು ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್‌ಗೇ ಹೆಚ್ಚಿನ ಕೀರ್ತಿ ಸಲ್ಲುವುದು ರೂಢಿ. ಹೀಗಿರುವಾಗ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರನೆಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು 1971ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡದ ರಕ್ಷಣಾ ಆಟಗಾರ ಅಲನ್ ಪೇಜ್ ಅವರನ್ನು ಆರಿಸಿದ್ದು ನಿಜಕ್ಕೂ ಅಪೂರ್ವ. ಆ ಪಡೆಯಿಂದ ಈ ಗೌರವ ಪಡೆದವರಲ್ಲಿ ಅವರೇ ಮೊದಲಿಗರು.

ಪೇಜ್ ಡಿಫೆನ್ಸಿವ್ ಟ್ಯಾಕಲ್, ಅಂದರೆ ರಕ್ಷಣಾ ಸಾಲಿನ ನಡುವೆ ನೆಲಕ್ಕೆ ಕೈಯೂರಿ ಬಾಗಿ ನಿಂತು, ಚೆಂಡು ಚಲಿಸಿದೊಡನೆ ಎದುರಿನ ದೈತ್ಯದೇಹಿಗಳನ್ನು ಭೇದಿಸಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಬೇಕಾದ ಆಟಗಾರ. ದೇಹಭಾರಕ್ಕಿಂತ ಮಿಂಚಿನ ಚುರುಕನ್ನೇ ನೆಚ್ಚಿದ್ದ ಅವರು 1967ರಿಂದ 1981ರವರೆಗೆ, ಕೊನೆಯ ವರ್ಷಗಳಲ್ಲಿ ಷಿಕಾಗೊ ಬೇರ್ಸ್ ಪರವಾಗಿ, ಲೀಗ್ ಹಂತದ ಒಂದೂ ಪಂದ್ಯ ತಪ್ಪಿಸದೆ 218 ಪಂದ್ಯಗಳನ್ನಾಡಿದರು.

ಇದಕ್ಕಿಂತಲೂ ಮೆಚ್ಚಬೇಕಾದುದು ಅವರ ವಿದ್ಯಾಭ್ಯಾಸ. ಆಟವಾಡುತ್ತಲೇ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1978ರಲ್ಲಿ ಪದವಿ ಪಡೆದ ಅವರು, ನ್ಯಾಯಮೂರ್ತಿಗಳನ್ನು ಮತದಾರರೇ ಚುನಾಯಿಸುವ ಆ ರಾಜ್ಯದಲ್ಲಿ 1992ರ ಚುನಾವಣೆ ಗೆದ್ದು, ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಮೊದಲ ಕಪ್ಪುವರ್ಣೀಯ ನ್ಯಾಯಮೂರ್ತಿಯಾದರು. 70 ವರ್ಷ ತುಂಬಿದವರು ಕಡ್ಡಾಯವಾಗಿ ನಿವೃತ್ತರಾಗಬೇಕೆಂಬ ನಿಯಮದಂತೆ 2015ರಲ್ಲಿ ಪೀಠದಿಂದ ಇಳಿದ ಅವರಿಗೆ 2018ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಸಂದಿತು.