ಹಿಗ್ಗುವ ವಿಶ್ವ, ಕಾಣದ ಶಕ್ತಿ

ಮೇಲಕ್ಕೆಸೆದ ಕಲ್ಲು ಏರುತ್ತ ವೇಗ ಕುಂದಿ, ಕೊನೆಗೆ ನೆಲಕ್ಕೆ ಮರಳುತ್ತದೆ. ಏರಿದಂತೆಲ್ಲ ಅದರ ವೇಗ ಹೆಚ್ಚುತ್ತಲೇ ಹೋದರೆ? ಕಂಡವರು ತಮ್ಮ ಕಣ್ಣನ್ನೇ ನಂಬಲಾರರು. 1998ರಲ್ಲಿ ಖಗೋಳ ವಿಜ್ಞಾನಿಗಳಿಗೊದಗಿದ ಅನುಭವ ಇಂಥದೇ.

ವಿಶ್ವವು ಸ್ಥಿರವೆಂಬುದು ಮೊದಲಿನ ನಂಬಿಕೆ. ಐನ್‌ಸ್ಟೈನರ ಸಮೀಕರಣಗಳು ಹಾಗೆ ಹೇಳಲಿಲ್ಲ. ಆದುದರಿಂದ 1917ರಲ್ಲಿ ಅವರು ಗುರುತ್ವದ ಸೆಳೆತವನ್ನು ಸರಿದೂಗಿಸುವ ಒಂದು ಸ್ಥಿರಾಂಕವನ್ನು ಅವುಗಳಿಗೆ ಸೇರಿಸಿದರು. 1929ರಲ್ಲಿ ಅಮೆರಿಕದ ಎಡ್ವಿನ್ ಹಬಲ್ ಅವರು, ಗೆಲಾಕ್ಸಿಗಳೆಂಬ ನಕ್ಷತ್ರಸಮೂಹಗಳು ದೂರವಿದ್ದಷ್ಟೂ ಹೆಚ್ಚು ವೇಗದಿಂದ ನಮ್ಮಿಂದ ಸರಿಯುತ್ತಿರುವುದನ್ನು ತೋರಿಸಿದರು. ವಿಶ್ವವು ಹಿಗ್ಗುತ್ತಿದೆಯೆಂದು ಒಪ್ಪಿದ ಐನ್‌ಸ್ಟೈನರು 1931ರಲ್ಲಿ ಆ ಸ್ಥಿರಾಂಕವನ್ನು ಕೈಬಿಟ್ಟರು.

ಗುರುತ್ವವು ಸೆಳೆಯುವುದರಿಂದ ಈ ಹಿಗ್ಗುವಿಕೆ ನಿಧಾನವಾಗುತ್ತಿರಲೇಬೇಕೆಂದು ಎಲ್ಲರೂ ಭಾವಿಸಿದ್ದರು. ಅದು ಎಷ್ಟು ನಿಧಾನವಾಗುತ್ತಿದೆಯೆಂದು ಅಳೆಯಲು ಎರಡು ತಂಡಗಳು ಹೊರಟವು. ಒಂದಕ್ಕೆ ಸಾಲ್ ಪರ್ಲ್‌ಮಟರ್, ಮತ್ತೊಂದಕ್ಕೆ ಬ್ರಯನ್ ಸ್ಮಿಟ್ ಮುಂದಾಳುಗಳು. ಸ್ಮಿಟ್ ಅವರ ತಂಡದಲ್ಲಿ ಆಡಂ ರೀಸ್ ಪ್ರಮುಖರು.

ಇವರ ಅಳತೆಗೋಲು ಒಂದು ಬಗೆಯ ಸೂಪರ್‌ನೋವಾ, ಎಂದರೆ ಸಿಡಿಯುವ ನಕ್ಷತ್ರ. ಶ್ವೇತಕುಬ್ಜವೆಂಬ ಮುದಿ ನಕ್ಷತ್ರವು ಜೊತೆಯ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಂಡು, ಸೂರ್ಯನ ಸುಮಾರು 1.4ರಷ್ಟು ತೂಕವನ್ನು ಸಮೀಪಿಸಿದಾಗ ಸಿಡಿಯಬಲ್ಲದು. ಈ ಮಿತಿಯನ್ನು ಗಣಿತದಿಂದ ಕಂಡುಕೊಂಡವರು ಅವಿಭಜಿತ ಭಾರತದಲ್ಲಿ ಜನಿಸಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು. 1930ರಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಅವರು ಈ ಲೆಕ್ಕವನ್ನು ಆರಂಭಿಸಿದ್ದರು. ಇಂಥ ಸ್ಫೋಟಗಳ ನಿಜವಾದ ಪ್ರಕಾಶವನ್ನು ಲೆಕ್ಕಹಾಕಬಹುದು. ಒಂದೇ ಬಗೆಯ ದೀಪಗಳಲ್ಲಿ ಮಂಕಾಗಿ ಕಾಣುವುದು ದೂರದ್ದೆಂದು ನಾವು ತಿಳಿಯುವಂತೆ, ಇವುಗಳ ದೂರವನ್ನೂ ತಿಳಿಯಬಹುದು.

ಅಳೆದಾಗ ಆ ದೀಪಗಳು ನಿರೀಕ್ಷೆಗಿಂತ ಮಂಕಾಗಿದ್ದವು. ಎಂದರೆ ಇನ್ನೂ ದೂರದಲ್ಲಿದ್ದವು. ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿರಲಿಲ್ಲ, ತೀವ್ರವಾಗುತ್ತಿತ್ತು! ಲೆಕ್ಕ ತಪ್ಪಿರಬೇಕೆಂದು ಅವರು ಮತ್ತೆ ಮತ್ತೆ ಪರೀಕ್ಷಿಸಿದರು. ಪರಸ್ಪರ ಸ್ಪರ್ಧಿಗಳಾಗಿದ್ದ ಎರಡೂ ತಂಡಗಳಿಗೆ ದೊರೆತ ಉತ್ತರ ಒಂದೇ ಆಗಿತ್ತು. 2011ರಲ್ಲಿ ಈ ಮೂವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಈ ತೀವ್ರತೆಗೆ ಕಾರಣವಾದುದನ್ನು 'ಕೃಷ್ಣಶಕ್ತಿ' ಎನ್ನೋಣ. ವಿಶ್ವದ ಒಟ್ಟು ಸತ್ತ್ವದಲ್ಲಿ ಸುಮಾರು ಶೇಕಡಾ 68 ಭಾಗ ಇದೇ; ಶೇಕಡಾ 27 ಕಾಣದ ದ್ರವ್ಯ. ನಕ್ಷತ್ರಗಳು, ಭೂಮಿ, ನಮ್ಮ ದೇಹ ಎಲ್ಲವೂ ಸೇರಿ ಉಳಿದ ಶೇಕಡಾ 5ರಲ್ಲಿ ಅಡಕ. ಐನ್‌ಸ್ಟೈನರು ಕೈಬಿಟ್ಟ ಸ್ಥಿರಾಂಕವೇ ಈಗ ಇದರ ವಿವರಣೆಗಾಗಿ ಮರಳಿ ಬಂದಿದೆ. ಆದರೆ ಅಮೆರಿಕದ ಅರಿಜೋನಾದಲ್ಲಿರುವ 'ಡೆಸಿ' ಉಪಕರಣದಿಂದ 2024 ಮತ್ತು 2025ರಲ್ಲಿ ಹೊರಬಂದ ಫಲಿತಾಂಶಗಳು, ಈ ಶಕ್ತಿಯು ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದೆಂಬ ಸುಳಿವನ್ನಿತ್ತಿವೆ. ಅದಿನ್ನೂ ಸಿದ್ಧಪಟ್ಟಿಲ್ಲ. ವಿಶ್ವವು ಎಂದೆಂದಿಗೂ ಹೀಗೆಯೇ ಹಿಗ್ಗುವುದೋ ಇಲ್ಲವೋ ಎಂಬುದು ಇದನ್ನೇ ಅವಲಂಬಿಸಿದೆ.

ತಾವು ನಂಬಿದ್ದಕ್ಕೆ ವಿರುದ್ಧವಾದ ಉತ್ತರ ಬಂದಾಗ ಆ ವಿಜ್ಞಾನಿಗಳು ಅದನ್ನು ಮುಚ್ಚಿಡಲಿಲ್ಲ, ನಂಬಿಕೆಯನ್ನೇ ತಿದ್ದಿಕೊಂಡರು. ಮನೆಯ ಮಕ್ಕಳಿಗೆ ಆಕಾಶವನ್ನು ತೋರಿಸುವಾಗ ಈ ಮಾತನ್ನೂ ಹೇಳಬೇಕು.